ಮೆಟ್ಟಿಲ ಸುತ್ತ ಇದ್ದ ಗೋಡೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಏನಾದರೊಂದು ನೆಪ ಸಿಕ್ಕಿದೆ. ಕನ್ನಡಕ ಸರಿಯಿಲ್ಲ, ಕರೆಂಟಿಲ್ಲ, ಯಾರೋ ಮಾತಾಡಿಸಲು ಬಂದರು. ನಿಜ ಹೇಳಬೇಕೆಂದರೆ, ಇದನ್ನು ಓದಿ ನನ್ನ ಮುಂದೆ ನಿಂತು ಕೇಳಬಲ್ಲವರು ಆಗ ಬದುಕಿದ್ದರು. ಈಗ ಅವರಲ್ಲಿ ಯಾರೂ ಇಲ್ಲ. ಆದ್ದರಿಂದ ಧೈರ್ಯ ಬಂದು ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಜಯನಗರದ ಒಂದು ಮದುವೆ ಛತ್ರಕ್ಕೆ ಮ್ಯಾನೇಜರ್ ಆಗಿ ಸೇರಿದೆ. ಆ ಕೆಲಸ ಕೊಡಿಸಿದ್ದು ನನ್ನ ಹೆಂಡತಿಯ ಅಣ್ಣ. ಅವರು ಅಡಿಗೆಯವರು. ಜಯನಗರ, ಬನಶಂಕರಿ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಗೊತ್ತಾಗುವ ಮೊದಲೇ ಅವರಿಗೆ ಹೇಳಿ ಕಳಿಸುತ್ತಿದ್ದರು. ನಮ್ಮ ಛತ್ರದ ಯಜಮಾನರಿಗೆ ಅವರ ಕೈಯಡಿಗೆಯ ಮೇಲೆ ತುಂಬ ವಿಶ್ವಾಸ. ಆ ವಿಶ್ವಾಸದಲ್ಲೇ ನನ್ನನ್ನು ಸೇರಿಸಿಕೊಂಡರು. ನಾನು ಅವರನ್ನು ಭಾವ ಎನ್ನುತ್ತಿದ್ದೆ, ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಿದ್ದರು. ಖುಷಿಯಲ್ಲಿದ್ದಾಗ "ಮ್ಯಾನೇಜರ್ ಭಾವ" ಎನ್ನುವರು. ಅವರ ಮನೆ ಚಿಕ್ಕಲಸಂದ್ರದಲ್ಲಿ, ಆಗ ಅದು ಹೊಲದ ನಡುವಿನ ಊರು. ಬೆಳಗಿನ ಜಾವಕ್ಕೇ ಸೈಕಲ್ಲಿನಲ್ಲಿ ಹೊರಟು ಬರುತ್ತಿದ್ದರು.

ಕೆಲಸದ ಜೊತೆಗೆ ಛತ್ರದ ಹಿತ್ತಲಿನಲ್ಲಿ ಎರಡು ಕೋಣೆಯ ಮನೆಯನ್ನೂ ಕೊಟ್ಟರು. ನಮಗೆ ಮಕ್ಕಳಿರಲಿಲ್ಲ. ಅಪ್ಪ ಅಮ್ಮ ಇಲ್ಲದ ನನ್ನ ಹೆಂಡತಿಗೆ ತವರು ಎಂದರೆ ಅಣ್ಣನೊಬ್ಬನೇ. ಛತ್ರದಲ್ಲಿ ಮದುವೆಯಿದ್ದ ದಿನವೆಲ್ಲ ಅಣ್ಣನ ಮುಖ ನೋಡಬಹುದು ಎನ್ನುವುದೇ ಅವಳಿಗೆ ದೊಡ್ಡ ಸಂತೋಷ. ಅವರು ಮೊದಲು ಇಳಿಸಿದ ಸಾರನ್ನು ಒಂದು ಲೋಟದಲ್ಲಿ ಹಿತ್ತಲಿಗೆ ತಂದು, "ತಗೊಳಮ್ಮ, ಉಪ್ಪು ನೋಡು" ಎನ್ನುವರು. ಅವಳು ಕುಡಿದು, "ಉಪ್ಪೇ ಹಾಕಿಲ್ಲ ನೀನು" ಎನ್ನುವಳು. "ಹಂಗಾದ್ರೆ ಸರಿಯಾಗಿದೆ" ಎಂದು ಅವರು ಹೋಗುವರು. ಪ್ರತಿ ಮದುವೆಯಲ್ಲೂ ಇದೇ ಮಾತು.

ಛತ್ರ ಹೇಗಿತ್ತು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೆಳಗೆ ಊಟದ ಹಾಲ್, ಅದರ ಹಿಂದೆ ಅಡಿಗೆಮನೆ. ಮೇಲೆ ಮದುವೆಯ ಹಾಲ್. ಬೀದಿಯಿಂದ ಒಳಗೆ ಬಂದರೆ ಮೇಲಕ್ಕೆ ಹೋಗುವ ಮೆಟ್ಟಿಲು. ಆ ಮೆಟ್ಟಿಲ ಸುತ್ತ ಇಟ್ಟಿಗೆಯ ಗೋಡೆ, ಬುಡದಲ್ಲೊಂದು ಬಾಗಿಲು, ತುದಿಯಲ್ಲೊಂದು ಬಾಗಿಲು. ಎರಡಕ್ಕೂ ಸ್ಪ್ರಿಂಗ್ ಹಾಕಿದ್ದರಿಂದ ತಳ್ಳಿ ಬಿಟ್ಟರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಮೇಲಿನ ಹಾಲ್‌ನ ಹಿಂದುಗಡೆ ಇನ್ನೊಂದು ಬಾಗಿಲಿತ್ತು. ಅಲ್ಲಿಂದ ಹಿತ್ತಲಿಗೆ ಇಳಿಯಲು ಕಬ್ಬಿಣದ ಸುರುಳಿ ಮೆಟ್ಟಿಲು. ಅದರ ಬುಡದಲ್ಲೇ ನಮ್ಮ ಮನೆ.

ಮುಹೂರ್ತ ಮುಗಿಯುತ್ತಿದ್ದಂತೆ ಮೊದಲ ಪಂಕ್ತಿಗೆ ಇಳಿಯುವ ಜನ ಆ ಸ್ಪ್ರಿಂಗ್ ಬಾಗಿಲುಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಸೀರೆಯ ಸೆರಗು ಸಿಕ್ಕುವುದು, ಮುದುಕರ ಹೆಗಲಿಗೆ ಬಾಗಿಲು ಬಡಿಯುವುದು ಇದ್ದದ್ದೇ.

"ಏನ್ರೀ ಮ್ಯಾನೇಜರ್ರೇ, ಇದು ಛತ್ರಾನಾ ಜೈಲಾ? ಊಟಕ್ಕೆ ಹೋಗೋಕೂ ಎರಡೆರಡು ಬಾಗಿಲು ತಳ್ಳಬೇಕು."

"ಬೀಗರು ತಪ್ಪಿಸ್ಕೊಂಡು ಹೋಗ್ಬಾರದು ಅಂತ ಇರ್ಬೇಕು ಬಿಡಿ."

ಇಂಥ ಮಾತು ಕೇಳಿ ಕೇಳಿ ನನಗೆ ಆ ಗೋಡೆಯ ಮೇಲೆ ಸಿಟ್ಟು ಬಂದಿತ್ತು. ಎಂಬತ್ತರ ದಶಕ ನಡೆಯುತ್ತಿತ್ತು. ಜೆ.ಪಿ. ನಗರದ ಕಡೆ ಹೊಸ ಛತ್ರಗಳು ಏಳುತ್ತಿದ್ದವು. ಒಂದು ದಿನ ಯಜಮಾನರು ಅಲ್ಲಿ ಮದುವೆಯೊಂದಕ್ಕೆ ಹೋಗಿ ಬಂದು ನನ್ನನ್ನು ಕರೆದರು.

"ಅಲ್ಲಿ ಗೋಡೇನೇ ಇಲ್ಲ ಕಣಯ್ಯ. ಒಳಗೆ ಕಾಲಿಟ್ರೆ ಊಟ, ಮೆಟ್ಟಿಲು, ಮೇಲಿನ ಮಂಟಪ ಎಲ್ಲ ಒಂದೇ ನೋಟಕ್ಕೆ ಕಾಣುತ್ತೆ. ನಮ್ದು ನೋಡು, ರೇಷನ್ ಅಂಗಡಿ ಗೋಡೌನ್ ಇದ್ದಂಗಿದೆ."

"ನಮ್ದೂ ತೆಗೆಸಿಬಿಡೋಣ ಸಾರ್" ಎಂದೆ. "ಒಂದು ತಿಂಗಳ ಕೆಲಸ. ಆಷಾಢದಲ್ಲಿ ಹೇಗೂ ಮದುವೆ ಇರಲ್ಲ."

ನನ್ನ ಮಾತು ಅವರಿಗೆ ಹಿಡಿಸಿತು. ಕೆಲಸದ ಉಸ್ತುವಾರಿ ನನಗೇ ಬಂತು. ಆಷಾಢದಲ್ಲಿ ಮೆಟ್ಟಿಲ ಸುತ್ತಲಿನ ಗೋಡೆ ಒಡೆಯಲು ಶುರು ಮಾಡಿದೆವು. ಇಟ್ಟಿಗೆಯ ಧೂಳು ಬೀದಿಗೆ ಬರುತ್ತಿದ್ದಂತೆ ಛತ್ರದ ಪ್ಲಾನ್ ಬರೆದಿದ್ದ ಎಂಜಿನಿಯರ್ ಬಂದರು. ರಿಟೈರಾಗಿ ಅದೇ ರಸ್ತೆಯಲ್ಲಿದ್ದರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದರು.

"ಯಾರು ಹೇಳಿದ್ದು ಇದನ್ನ ಒಡೀರಿ ಅಂತ?"

"ಯಜಮಾನರು ಸಾರ್. ಓಪನ್ ಆಗಿರ್ಲಿ ಅಂತ."

"ಓಪನ್ ಆಗಿರ್ಲಿ, ಬೇಡ ಅನ್ನಲ್ಲ. ಆದ್ರೆ ಈ ಗೋಡೆ ಚೆಂದಕ್ಕೆ ಕಟ್ಟಿದ್ದಲ್ಲಪ್ಪ. ಕೆಳಗೆ ಒಲೆ ಇದೆ, ಮೇಲೆ ಜನ ಇರ್ತಾರೆ. ಕೆಳಗೆ ಏನಾದ್ರೂ ಹತ್ಕೊಂಡ್ರೆ ಹೊಗೆ ಮೇಲೆ ಬರ್ದೇ ಇರ್ಲಿ, ಮೆಟ್ಟಿಲು ಇಳಿಯೋರಿಗೆ ಉಸಿರಾಡೋಕೆ ಆಗ್ಲಿ ಅಂತ ಕಟ್ಟಿದ್ದು. ಬೆಂಕಿ ಒಂದು ಮೂಲೇಲಿ ಇದ್ರೂ ಹೊಗೆ ಅಲ್ಲಿರಲ್ಲ."

ನಾನು ತಲೆಯಾಡಿಸಿದೆ. ಅವರು ಮುಂದುವರಿದರು. "ತೆಗೆದೇ ತೆಗೀತೀರಿ ಅಂದ್ರೆ, ಅಡಿಗೆಮನೆ ಬಾಗಿಲಾದ್ರೂ ಮುಚ್ಚಿರೋ ಹಾಗೆ ಮಾಡಿ. ಮೇಲೆ ಗೋಡೆ ತುದೀಲಿರೋ ಕಿಂಡಿಗಳನ್ನ ಯಾವತ್ತೂ ಮುಚ್ಚಬೇಡಿ. ಹಿಂದಿನ ಬಾಗಿಲಿಗೆ ಬೀಗ ಹಾಕಬೇಡಿ. ಇದನ್ನ ನಿಮ್ಮ ಯಜಮಾನರಿಗೆ ಹೇಳ್ತೀರಾ, ನಾನೇ ಹೇಳ್ಲಾ?"

"ನಾನೇ ಹೇಳ್ತೀನಿ ಸಾರ್."

ಹೇಳಲಿಲ್ಲ. ಹೇಳಿದ್ದರೆ ಯಜಮಾನರು ಅವರನ್ನು ಕರೆಸುತ್ತಿದ್ದರು, ಕೆಲಸ ನಿಲ್ಲುತ್ತಿತ್ತು, ಶ್ರಾವಣದ ಮದುವೆಗಳು ಕೈಬಿಟ್ಟು ಹೋಗುತ್ತಿದ್ದವು. ತೆಗೆಸೋಣ ಎಂದವನು ನಾನು. ಆ ಮಾತು ತಪ್ಪಾಗುವುದು ನನಗೆ ಬೇಕಿರಲಿಲ್ಲ.

ಗೋಡೆ ಹೋದ ಮೇಲೆ ಛತ್ರಕ್ಕೆ ನಿಜಕ್ಕೂ ಕಳೆ ಬಂತು. ಹಳೆಯ ಮೆಟ್ಟಿಲನ್ನೇ ಅಗಲ ಮಾಡಿಸಿ ಪಾಲಿಶ್ ಕಲ್ಲು ಹಾಕಿಸಿದೆ, ಕಂಬಿಗೆ ಬಂಗಾರದ ಬಣ್ಣ ಹೊಡೆಸಿದೆ. ಮದುವೆ ಹುಡುಗಿಯನ್ನು ಮೆಟ್ಟಿಲ ಮೇಲಿಂದ ಇಳಿಸಿ ವಿಡಿಯೋ ತೆಗೆಯುವವರು, "ಸಖತ್ತಾಗಿದೆ ಸಾರ್ ನಿಮ್ಮ ಹಾಲ್" ಎಂದಾಗ ಅದು ನನ್ನದೇ ಎನ್ನುವ ಹಾಗೆ ನಗುತ್ತಿದ್ದೆ. ಮೆಟ್ಟಿಲ ಕೆಳಗೆ ಜಾಗ ಖಾಲಿ ಉಳಿದಿತ್ತು. ಅಲ್ಲಿ ಹತ್ತಿಯ ಹಾಸಿಗೆಗಳು, ಮಂಟಪದ ಥರ್ಮಾಕೋಲು, ಜಮಖಾನೆ ಎಲ್ಲ ಒಟ್ಟಿ ಮುಂದೆ ಒಂದು ಪರದೆ ಎಳೆಸಿದೆ.

ಕಿಂಡಿಗಳ ವಿಷಯ ಹೀಗಾಯಿತು. ಪಾರಿವಾಳಗಳು ಒಳಗೆ ಬಂದು ಮಂಟಪದ ಮೇಲೆ ಕೂರುತ್ತಿದ್ದವು. ಒಬ್ಬ ಬೀಗರ ಜರತಾರಿ ಪೇಟದ ಮೇಲೆ ಹಿಕ್ಕೆ ಬಿದ್ದು ದೊಡ್ಡ ಗಲಾಟೆಯಾಯಿತು. ಮಾರನೆಯ ವಾರ ಎಲ್ಲ ಕಿಂಡಿಗೂ ಹಾರ್ಡ್‌ಬೋರ್ಡ್ ಹೊಡೆಸಿದೆ.

ಹಿಂಬಾಗಿಲಿನದು ಬೇರೆ ಕಥೆ. ಕರೆಯದೆ ಬಂದು ಉಂಡು ಹೋಗುವವರ ಕಾಟ ಆಗ ಎಲ್ಲ ಛತ್ರಗಳಿಗೂ ಇತ್ತು. ಇಸ್ತ್ರಿ ಮಾಡಿದ ಪಂಚೆ ಉಟ್ಟು ಸುರುಳಿ ಮೆಟ್ಟಿಲು ಹತ್ತಿ, ಹುಡುಗಿ ಕಡೆಯವರ ಹತ್ತಿರ ಹುಡುಗನ ಕಡೆಯವರೆಂದೂ ಹುಡುಗನ ಕಡೆಯವರ ಹತ್ತಿರ ಹುಡುಗಿ ಕಡೆಯವರೆಂದೂ ಹೇಳಿ ಪಂಕ್ತಿಯಲ್ಲಿ ಕೂರುತ್ತಿದ್ದರು. ಒಬ್ಬರಂತೂ ಎರಡನೆಯ ಸಲ ಪಾಯಸ ಹಾಕಿಸಿಕೊಂಡು, "ಕಳೆದ ವಾರದ ಮದುವೇಲಿ ಇದಕ್ಕಿಂತ ಚೆನ್ನಾಗಿತ್ತು" ಎಂದು ನನಗೇ ಹೇಳಿದರು. ಊಟ ಕಮ್ಮಿ ಬಿದ್ದರೆ ಮಾತು ಬರುವುದು ಮ್ಯಾನೇಜರಿಗೆ. ಮೊದಲು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದೆ. ಒಳಗಿದ್ದ ನೆಂಟರೇ ಗಾಳಿಗೆಂದೋ ಸಿಗರೇಟು ಸೇದಲೆಂದೋ ತೆಗೆದುಬಿಡುತ್ತಿದ್ದರು. ಕೊನೆಗೆ ಚಿಲಕ ಕೀಳಿಸಿ, ಹೊರಗಿನಿಂದ ಬೀಗ ಹಾಕಿದೆ. ಇದ್ದದ್ದು ಒಂದೇ ಕೀ. ಅದನ್ನು ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿರುತ್ತಿದ್ದೆ.

ನಾನು ಹೇಳಹೊರಟ ಆ ಮದುವೆಗೆ ಹುಡುಗಿ ಕಡೆಯವರು ಒಂದು ಆಸೆ ಪಟ್ಟಿದ್ದರು. ಎಲೆಗೆ ಬಿಸಿ ಒಬ್ಬಟ್ಟು ಬೀಳಬೇಕು, ಬೇಯಿಸುವುದು ಜನಕ್ಕೆ ಕಾಣಬೇಕು. ಈಗ ಗೋಡೆ ಇಲ್ಲವಲ್ಲ, ಧಾರಾಳವಾಗಿ ಆಗುತ್ತದೆ ಎಂದು ಒಪ್ಪಿಕೊಂಡೆ. ಬೆಳಿಗ್ಗೆ ಭಾವನ ಹತ್ತಿರ ಹೋಗಿ ಸೀಮೆಎಣ್ಣೆಯ ಪಂಪ್ ಸ್ಟವ್ ಮತ್ತು ಕಾವಲಿಯನ್ನು ಮೆಟ್ಟಿಲ ಪಕ್ಕಕ್ಕೆ ಇಡಿಸಿ ಎಂದೆ.

"ಒಲೆ ಅಡಿಗೆಮನೇಲೇ ಇರ್ಲಿ ಭಾವ. ಅಲ್ಲಿಂದ ತಂದು ಹಾಕಿದ್ರೆ ಏನು ಆರಿ ಹೋಗುತ್ತಾ?"

"ಮಾತು ಕೊಟ್ಟಿದೀನಿ."

"ಪಕ್ಕದಲ್ಲೇ ಹಾಸಿಗೆ ಒಟ್ಟಿದೀರಿ. ಗಾಳಿಗೆ ಪರದೆ ಆಡ್ತಿದೆ."

"ಏನೂ ಆಗಲ್ಲ. ನೋಡ್ಕೊಳ್ಳೋಕೆ ಒಬ್ಬರನ್ನ ಕೂರಿಸಿ."

ಅವರು ನನ್ನ ಮುಖ ನೋಡಿದರು. "ಆಯ್ತಪ್ಪ, ಮ್ಯಾನೇಜರ್ ನೀವು" ಎಂದು ನಕ್ಕು, ಸ್ಟವ್ ಎತ್ತಿಸಿದರು.

ಧಾರೆ ಮುಗಿದಿತ್ತು. ಮೇಲೆ ಲಾಜಾಹೋಮ ಶುರುವಾಗಿತ್ತು. ಕೆಳಗೆ ಮೊದಲ ಪಂಕ್ತಿಗೆ ಎಲೆ ಹಾಕಿದ್ದರು, ಜನ ಇನ್ನೂ ಪೂರ್ತಿ ಇಳಿದಿರಲಿಲ್ಲ. ನಾನು ಮಂಟಪದ ಪಕ್ಕ ನಿಂತು ತುಪ್ಪ ಸಾಕೇ ಎಂದು ಪುರೋಹಿತರನ್ನು ಕೇಳುತ್ತಿದ್ದೆ. ಸ್ಟವ್ ಭಗ್ಗೆಂದು ಎದ್ದು ಪರದೆಗೆ ತಾಗಿದ್ದು ಆಗಲೇ ಇರಬೇಕು. ನಮಗೆ ಮೇಲೆ ಏನೂ ಕೇಳಿಸಲಿಲ್ಲ. ನಾದಸ್ವರದವರು ಜೋರಾಗಿ ನುಡಿಸುತ್ತಿದ್ದರು.

ಹೊಗೆ ಬಂತು. ಹೋಮ ನಡೆಯುವಲ್ಲಿ ಹೊಗೆ ಬಂದರೆ ಯಾರು ತಿರುಗಿ ನೋಡುತ್ತಾರೆ? ಕಣ್ಣೊರೆಸಿಕೊಳ್ಳುತ್ತಾ ಎಲ್ಲರೂ ಕೂತೇ ಇದ್ದರು. ಹೆಂಗಸರ ಸಾಲಿನಲ್ಲಿ ಯಾರೋ, "ಅತ್ತೆ ಮನೆಗೆ ಹೋಗೋ ಮೊದ್ಲೇ ಹುಡುಗಿ ಕಣ್ಣಲ್ಲಿ ನೀರು ಬಂತು" ಎಂದರು, ಸುತ್ತಲಿದ್ದವರು ನಕ್ಕರು. ಹುಡುಗಿಯ ಸೋದರಮಾವ ಪುರೋಹಿತರಿಗೆ, "ಸ್ವಾಮಿ, ಸಮಿತ್ತು ಒಣಗಿಲ್ಲ ಅಂತ ಕಾಣುತ್ತೆ, ನಮ್ಮನ್ನ ಹೊಗೆಸೊಪ್ಪು ಮಾಡಿಬಿಟ್ರಿ" ಎಂದರು. ಪುರೋಹಿತರಿಗೂ ಅನುಮಾನ ಬರಲಿಲ್ಲ. ಬೀಸಣಿಗೆ ಹಾಕಲು ಹೇಳಿದರು.

ಅನುಮಾನ ಬಂದದ್ದು ನನಗೆ. ಮೇಲೆ ನೋಡಿದರೆ ಟ್ಯೂಬ್‌ಲೈಟುಗಳು ಇಲ್ಲ. ಉರಿಯುತ್ತಿದ್ದವು, ಕಾಣುತ್ತಿರಲಿಲ್ಲ. ಹೊಗೆ ಮೊದಲು ಸೂರಿಗೆ ಹೋಗಿ ಅಲ್ಲಿ ಹರಡಿತ್ತು. ಕಿಂಡಿ ತೆರೆದಿದ್ದರೆ ಹೋಗುತ್ತಿತ್ತೇನೋ. ದಾರಿಯಿಲ್ಲದೆ ಈಗ ಕೆಳಗಿಳಿಯುತ್ತಿತ್ತು. ಅದರ ಬಣ್ಣ ಕಪ್ಪು. ಥರ್ಮಾಕೋಲು ಸುಟ್ಟ ನಾತ ಮೂಗಿಗೆ ಬಡಿಯಿತು. ಮೆಟ್ಟಿಲ ಕಡೆ ತಿರುಗಿದೆ. ನಾನು ಬಂಗಾರದ ಬಣ್ಣ ಹೊಡೆಸಿದ ಕಂಬಿಗಳ ನಡುವಿನಿಂದ ಹೊಗೆ ದಪ್ಪಗೆ ಎದ್ದು ಬರುತ್ತಿತ್ತು.

ಮೆಟ್ಟಿಲ ಹತ್ತಿರವಿದ್ದ ಕೆಲವರು ಮುಖಕ್ಕೆ ಬಟ್ಟೆ ಹಿಡಿದು ನುಗ್ಗಿ ಇಳಿದುಹೋದರು. ಅವರ ಹಿಂದೆ ಹೋದವರು ಅರ್ಧದಿಂದ ಕೆಮ್ಮುತ್ತಾ ವಾಪಸು ಬಂದರು. ಯಾರೋ ಬೆಂಕಿ ಎಂದರು. ಅಷ್ಟೇ ಸಾಕಾಯಿತು, ಜನವೆಲ್ಲ ಹಿಂಬಾಗಿಲಿಗೆ ನುಗ್ಗಿತು. ನನ್ನನ್ನೂ ಹಾಗೇ ಒತ್ತಿಕೊಂಡು ಹೋದರು. ನನ್ನ ಎದೆ ಆ ಬಾಗಿಲಿಗೇ ಬಂದು ಒತ್ತಿತು.

ಆ ಬಾಗಿಲ ಹಲಗೆಯ ಮೇಲೆ ಚಿಲಕ ಕಿತ್ತ ತೂತುಗಳು ನನ್ನ ಬೆರಳಿಗೆ ಸಿಕ್ಕಿದವು. ಬೆನ್ನ ಹಿಂದೆ ಜನ. ಕೈ ಎತ್ತಲು ಆಗುತ್ತಿರಲಿಲ್ಲ. ಮಕ್ಕಳ ಅಳು, ಹೆಂಗಸರು ಹೆಸರು ಹಿಡಿದು ಕೂಗುವುದು, ಎಲ್ಲದರ ಮೇಲೆ ಕೆಮ್ಮು. ಸ್ವಲ್ಪ ಹೊತ್ತಿಗೆ ಹೆಸರು ಹಿಡಿದು ಕೂಗುವುದೂ ನಿಂತಿತು. ಅದು ನಿಂತಾಗ ನನಗೆ ಹೆಚ್ಚು ಹೆದರಿಕೆಯಾಯಿತು. ಕಿಟಕಿಯ ಕಡೆ ಇದ್ದವರು ಗಾಜು ಒಡೆದರು, ಆದರೆ ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ನನ್ನ ಪಕ್ಕದಲ್ಲಿ ಹುಡುಗಿಯ ಸೋದರಮಾವ ಇದ್ದರು. ಭುಜದಿಂದ ಬಾಗಿಲನ್ನು ಗುದ್ದುತ್ತಿದ್ದರು.

"ಹೊರಗಿಂದ ಬೀಗ ಹಾಕಿದೆಯಲ್ರೀ. ಯಾವ ಬೇವಾರ್ಸಿ ಹಾಕಿದ್ದು ಇದನ್ನ?"

ಅವರು ನನ್ನನ್ನೇ ಕೇಳಿದ್ದಲ್ಲ. ಆ ಕತ್ತಲಲ್ಲಿ ಪಕ್ಕದಲ್ಲಿ ಯಾರಿದ್ದಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ನನ್ನ ಬಾಯಿಂದ ಮಾತು ಹೊರಟಿತು.

"ಅಡಿಗೆಯವರು ಹಾಕಿರ್ಬೇಕು."

ಉಸಿರು ಸಿಗದಿದ್ದ ಹೊತ್ತು ಅದು. ಇದ್ದ ಒಂದಿಷ್ಟು ಉಸಿರನ್ನು ನಾನು ಖರ್ಚು ಮಾಡಿದ್ದು ಆ ಮಾತಿಗೆ. ಹಿಂದಿನವರು ಅದನ್ನು ಹಿಡಿದುಕೊಂಡರು. ಅಡಿಗೆಯವರು ಬೀಗ ಹಾಕಿದ್ದಾರಂತೆ, ಅಡಿಗೆಯವನಂತೆ ಎಂದು ಬಾಯಿಂದ ಬಾಯಿಗೆ ಹೋಯಿತು.

ಹೊರಗೆ ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಬೀಗ ತಿರುಗಿದ ಶಬ್ದ ನನಗೆ ಹಲಗೆಯ ಮೂಲಕ ಕೇಳಿಸಿತು. ಬಾಗಿಲು ತೆರೆದುಕೊಂಡಿತು. ಬೆಳಕಿನಲ್ಲಿ ಭಾವ ನಿಂತಿದ್ದರು. ಹುಬ್ಬು ಸುಟ್ಟಿತ್ತು, ಮೈಯೆಲ್ಲ ಒದ್ದೆ. ಕೆಳಗೆ ಒದ್ದೆ ಗೋಣಿಚೀಲ ಹಾಕಿ ಉರಿಯನ್ನು ಆರಿಸಿ ಬಂದಿದ್ದರು. ಹಾಸಿಗೆಗಳು ಮಾತ್ರ ಒಳಗೊಳಗೇ ಹೊಗೆಯಾಡುತ್ತಿದ್ದವು. ನನ್ನ ಹೆಂಡತಿ ಹಿತ್ತಲಲ್ಲಿ ನಿಂತು ಮೇಲಿನ ಕೂಗಾಟ ಕೇಳಿ, ಮೊಳೆಯಿಂದ ಕೀ ತೆಗೆದು ಅಣ್ಣನ ಕೈಗೆ ಕೊಟ್ಟಿದ್ದಳು. ಆ ಕೀ ಅವರ ಕೈಯಲ್ಲಿತ್ತು.

ಮೊದಲು ಹೊರಬಂದವರು ಸೋದರಮಾವ. ಅವರು ಆ ಕೀ ನೋಡಿದರು. ಭಾವನ ಕೆನ್ನೆಗೆ ಹೊಡೆದರು. "ಬೀಗ ಹಾಕ್ಕೊಂಡು ಜನರನ್ನ ಸುಡ್ತೀಯೇನೋ?" ಎಂದು ಇನ್ನೊಂದು ಹೊಡೆದರು. ಭಾವ ಪಕ್ಕಕ್ಕೆ ಸರಿದು, "ಮಕ್ಕಳನ್ನ ಮೊದ್ಲು ಇಳಿಸಿ, ಮೆಟ್ಟಿಲು ಕಿರಿದು, ನಿಧಾನ" ಎಂದು ಕೂಗಿದರು. ನಾನು ಅವರ ಪಕ್ಕದಲ್ಲೇ ಹಾದು ಇಳಿದೆ.

ಯಾರೂ ಸಾಯಲಿಲ್ಲ. ಹಲವರನ್ನು ಆಸ್ಪತ್ರೆಗೆ ಕರೆದೊಯ್ದರು. ಹುಡುಗಿಯ ಅಜ್ಜಿ ಕೆಲವು ದಿನ ಅಲ್ಲೇ ಇದ್ದು ಮನೆಗೆ ಬಂದರು, ಮೊದಲಿನ ಹಾಗೆ ಓಡಾಡಲಿಲ್ಲ ಎಂದು ಆಮೇಲೆ ಕೇಳಿದೆ. ಸಾವಾಗಿದ್ದರೆ ಪೊಲೀಸರು ಕೆದಕಿ ಕೇಳುತ್ತಿದ್ದರು, ನನ್ನ ಸುಳ್ಳು ನಿಲ್ಲುತ್ತಿರಲಿಲ್ಲ. ಯಾರೂ ಸಾಯದಿದ್ದುದು ನನಗೆ ಅನುಕೂಲವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ದಿನ ನನಗೆ ಹಾಗೇ ಅನ್ನಿಸಿತ್ತು.

ಮಧ್ಯಾಹ್ನ ಯಜಮಾನರು ಬರುವರೆಂದು ಸುದ್ದಿ ಬಂತು. ನಾನು ಮನೆಯೊಳಗೆ ಹೋದೆ. ಹೆಂಡತಿ ಅಣ್ಣನ ಸುಟ್ಟ ಕೈಗೆ ಹಚ್ಚಲೆಂದು ತೆಂಗಿನೆಣ್ಣೆಯನ್ನು ಬಟ್ಟಲಿಗೆ ಸುರಿಯುತ್ತಿದ್ದಳು.

"ಯಜಮಾನರು ಕೇಳಿದ್ರೆ, ಕೀ ಬೆಳಿಗ್ಗೆಯಿಂದ ನಿಮ್ಮಣ್ಣನ ಹತ್ರಾನೇ ಇತ್ತು ಅನ್ನು."

ಅವಳು ಬಟ್ಟಲು ಕೆಳಗಿಟ್ಟಳು. "ಮೊಳೆಯಿಂದ ತೆಗೆದು ಕೊಟ್ಟಿದ್ದು ನಾನಲ್ವೇನ್ರೀ?"

"ಅದು ಯಾರಿಗೂ ಗೊತ್ತಿಲ್ಲ. ಈಗ ಹಾಗಂದ್ರೆ ಬೀಗ ಹಾಕಿದ್ದು ನಾನು ಅಂತ ಆಗುತ್ತೆ. ಗೋಡೆ ಒಡೆಸಿದ್ದೂ ನಾನೇ. ಕಿಂಡಿ ಮುಚ್ಚಿಸಿದ್ದೂ ನಾನೇ. ನಾಳೆ ಬೀದೀಲಿ ಇರ್ತೀವಿ."

"ಅಣ್ಣ?"

"ನಿಮ್ಮಣ್ಣನಿಗೆ ಕೈಯಲ್ಲಿ ವಿದ್ಯೆ ಇದೆ, ಎಲ್ಲಾದ್ರೂ ಬದುಕ್ತಾರೆ. ನನಗೇನಿದೆ ಹೇಳು."

ಅವಳು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ನಿಂತಳು.

ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಯಜಮಾನರು ಕೂತರು. ಹುಡುಗಿಯ ಸೋದರಮಾವ ಜೊತೆಗಿದ್ದರು. ಬೀಗ ಯಾರು ಹಾಕಿದ್ದು ಎಂದು ಯಜಮಾನರು ಕೇಳಿದರು. "ಪಾತ್ರೆ ಸಾಮಾನು ಕಳುವಾಗುತ್ತೆ ಅಂತ ಅಡಿಗೆಯವರು ಕೀ ಕೇಳಿ ಇಸ್ಕೊಂಡಿದ್ರು ಸಾರ್" ಎಂದೆ. ಎಷ್ಟು ಸರಾಗವಾಗಿ ಬಂತು ಆ ಮಾತು. ಭಾವ ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ; ನಾನು ತಮಾಷೆ ಮಾಡುತ್ತಿದ್ದೇನೆ ಎನ್ನುವ ಹಾಗೆ.

"ಇಲ್ಲ ಸಾರ್" ಎಂದರು. "ಕೀ ನನ್ನ ಹತ್ರ ಯಾವತ್ತೂ ಇರಲಿಲ್ಲ. ಕೂಗಾಟ ಕೇಳಿದ್ಮೇಲೆ ನನ್ನ ತಂಗಿ ತಂದುಕೊಟ್ಳು. ಬೇಕಾದ್ರೆ ಅವಳನ್ನೇ ಕೇಳಿ. ಅವಳು ಹೇಳಲಿ."

ಬೇರೆ ಯಾರ ಮೇಲಾದರೂ ಹಾಕಬಹುದಿತ್ತು, ಬೇರೆ ಏನಾದರೂ ವಾದ ಮಾಡಬಹುದಿತ್ತು. ಅವರು ತಂಗಿಯ ಮಾತಿಗೆ ಬಿಟ್ಟರು. ಯಜಮಾನರು ಅವಳನ್ನು ಕರೆದರು. ಅವಳು ಹೊಸ್ತಿಲಲ್ಲಿ ಬಂದು ನಿಂತಳು.

"ಕೀ ಯಾರ ಹತ್ರ ಇತ್ತಮ್ಮ?"

"ಬೆಳಿಗ್ಗೆಯಿಂದ ಅಣ್ಣನ ಹತ್ರಾನೇ ಇತ್ತು."

ತಗ್ಗಿದ ದನಿಯಲ್ಲಿ ಹೇಳಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ಭಾವ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಯಜಮಾನರ ಕಡೆ ತಿರುಗಿ, "ಅವಳು ಹೇಳಿದ್ಮೇಲೆ ಆಯ್ತು ಬಿಡಿ ಸಾರ್" ಎಂದರು. ತಮ್ಮ ಜಾಲರಿ, ಸೌಟು, ಕಾವಲಿಗಳನ್ನು ಗೋಣಿಚೀಲಕ್ಕೆ ತುಂಬಿ ಸೈಕಲ್ಲಿಗೆ ಕಟ್ಟಿದರು. ಒಳಗೆ ಬಟ್ಟಲಿನ ಎಣ್ಣೆ ಹಾಗೇ ಇತ್ತು.

ಆಮೇಲೆ ಜಯನಗರ, ಬನಶಂಕರಿ ಕಡೆ ಅವರನ್ನು ಯಾರೂ ಮದುವೆಗೆ ಕರೆಯಲಿಲ್ಲ. ಬಾಗಿಲಿಗೆ ಬೀಗ ಹಾಕಿ ಜನರನ್ನು ಹೊಗೆಯಲ್ಲಿ ಕೂಡಿಹಾಕಿದ ಅಡಿಗೆಯವರು ಎಂದು ಮಾತು ಹಬ್ಬಿತ್ತು. ಬಿಟಿಎಂ ಲೇಔಟ್‌ನಲ್ಲಿ ಆಗಿನ್ನೂ ಮನೆಗಳು ಏಳುತ್ತಿದ್ದವು. ಕಟ್ಟಡದ ಕೆಲಸದವರು ತಿಂಡಿಗೆ ಬರುವ ಒಂದು ಸಣ್ಣ ಹೋಟೆಲಿನಲ್ಲಿ ಬೋಂಡಾ ಕರಿಯಲು ನಿಂತರೆಂದು ಕೇಳಿದೆ. ಎಲೆ ತುಂಬ ಬಡಿಸುತ್ತಿದ್ದ ಕೈ ಅದು.

ಅಗ್ನಿಶಾಮಕದವರು ಬಂದು ನೋಡಿ ಮೆಟ್ಟಿಲ ಸುತ್ತ ಗೋಡೆ ಕಟ್ಟಿಸಿ ಎಂದರು. ಯಜಮಾನರು ಕಟ್ಟಿಸಿದರು. ಮೊದಲಿದ್ದ ಹಾಗೇ ಇಟ್ಟಿಗೆ, ಮೊದಲಿದ್ದ ಹಾಗೇ ಸ್ಪ್ರಿಂಗ್ ಬಾಗಿಲು. ಉಸ್ತುವಾರಿ ಮತ್ತೆ ನನ್ನದೇ. ಕೆಲಸ ಉಳಿಯಿತು, ಮನೆ ಉಳಿಯಿತು. ಅದೇ ಮನೆಯಲ್ಲಿ ಇನ್ನೂ ಎಷ್ಟೋ ವರ್ಷ ನಾವಿಬ್ಬರೂ ಇದ್ದೆವು. ಕಿಟಕಿ ತೆಗೆದರೆ ಆ ಸುರುಳಿ ಮೆಟ್ಟಿಲೇ ಕಾಣುತ್ತಿತ್ತು. ಬೇರೆ ಕಡೆ ಹೋಗೋಣವೆಂದರೆ ಬೇರೆ ಕೆಲಸ ಗೊತ್ತಿಲ್ಲ. ಇದೇ ಮನೆಗಾಗಿ ಅಷ್ಟು ಮಾಡಿ, ಇದೇ ಮನೆಯಲ್ಲಿ ಉಸಿರು ಕಟ್ಟಿಕೊಂಡು ಇರಬೇಕಾಯಿತು.

ಹೆಂಡತಿ ನನ್ನ ಜೊತೆ ಮಾತು ಬಿಡಲಿಲ್ಲ. ಅಡಿಗೆಗೆ ಏನು ಮಾಡಲಿ, ಹಾಲಿನವನು ಬಂದಿಲ್ಲ, ಮಳೆ ಬರುತ್ತಿದೆ ಬಟ್ಟೆ ತೆಗೀರಿ, ಎಲ್ಲ ಮೊದಲಿನಂತೆ. ಆ ದಿನದ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಅವಳು ಎದುರು ನೋಡಿದ ಹಾಗೂ ಕಾಣಲಿಲ್ಲ. ಮಾರನೆಯ ವರ್ಷ ಚಿಕ್ಕಲಸಂದ್ರದ ಕಡೆಯ ಹೂವಿನಾಕೆಯೊಬ್ಬಳು ಮೊರ ತಂದು ಕೊಟ್ಟು, "ನಿಮ್ಮಣ್ಣ ಕೊಟ್ರು ಕಣಕ್ಕ, ಬೇರೇನೂ ಹೇಳ್ಲಿಲ್ಲ" ಎಂದಳು. ಹೆಂಡತಿ ಮೊರವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಛತ್ರದೊಳಗೆ ಹೋಗಿ ಎಣಿಸಿದ ಕುರ್ಚಿಗಳನ್ನೇ ಮತ್ತೆ ಎಣಿಸಿದೆ. ಅಣ್ಣನ ಮನೆಗೆ ಹೋಗಿ ಬಾ ಎಂದು ಒಂದು ಸಲ ಹೇಳಿದೆ. "ಯಾವ ಮುಖ ಹೊತ್ಕೊಂಡು ಹೋಗ್ಲಿ?" ಎಂದಳು, ಅಕ್ಕಿ ಆರಿಸುತ್ತಾ, ತಲೆಯೆತ್ತದೆ. ಅದೊಂದೇ ಸಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಭಾವನಿಗೆ ಕಾಯಿಲೆ ಎಂದು ಗೊತ್ತಾಯಿತು. ನಾನೊಬ್ಬನೇ ಬಸ್ಸು ಹತ್ತಿ ಚಿಕ್ಕಲಸಂದ್ರಕ್ಕೆ ಹೋದೆ. ಜಗಲಿಯ ಮೇಲೆ ಮಲಗಿದ್ದರು. ನೋಡಿ ಎದ್ದು ಕೂತರು.

"ಬನ್ನಿ ಮ್ಯಾನೇಜರ್ ಭಾವ. ದಾರಿ ಗೊತ್ತಾಯ್ತಾ?"

ನಾನು ಅವರ ಕಾಲು ಹಿಡಿದೆ. ತಪ್ಪಾಯಿತು ಎಂದೆ. ಬೀಗ ನಾನು ಹಾಕಿದ್ದು, ಗೋಡೆ ನಾನು ಒಡೆಸಿದ್ದು, ಕತ್ತಲಲ್ಲಿ ನಿಮ್ಮ ಮೇಲೆ ಹೇಳಿದ್ದು ನಾನು ಎಂದು ಎಲ್ಲ ಹೇಳಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಅಷ್ಟು ಗೊತ್ತಿಲ್ವಾ ನನಗೆ? ಏಟು ತಿಂದಿದ್ದು ಅವತ್ತೇ ಹೋಯ್ತು. ಉಸಿರು ಕಟ್ಟಿದವರು ಹೊಡೀತಾರೆ. ಬೋಂಡಾ ಕರಿಯೋದೂ ಕೆಲಸಾನೇ." ಗೋಡೆಗೆ ಒರಗಿಕೊಂಡರು. "ಅವಳ ಬಾಯಲ್ಲಿ ಯಾಕೆ ಹೇಳಿಸಿದ್ರಿ? ನೀವೇ ಹೇಳಿದ್ದು ಸಾಲದಾಗಿತ್ತಾ? ನನಗೆ ಗೊತ್ತು ಅವಳು ಹೆಂಗಿರ್ತಾಳೆ ಅಂತ. ಒಂದು ದಿನಾನೂ ನೆಮ್ಮದಿಯಾಗಿ ಊಟ ಮಾಡಿರಲ್ಲ. ನನ್ನ ಹತ್ರ ತಪ್ಪಾಯ್ತು ಅಂದ್ರಲ್ಲ, ಆಯ್ತು. ಹೋಗಿ ಅವಳ ಹತ್ರ ಅನ್ನಿ."

"ಹೇಳ್ತೀನಿ" ಎಂದೆ.

"ಎಂಜಿನಿಯರು ಒಂದ್ಸಲ ಸಿಕ್ಕಿದ್ರು. ಅವರಿಗೂ ಹೇಳ್ತೀನಿ ಅಂತಾನೇ ಅಂದಿದ್ರಂತೆ" ಎಂದು ನಕ್ಕರು. ನಗು ಕೆಮ್ಮಿಗೆ ತಿರುಗಿತು.

ಬಸ್ಸಿನಲ್ಲಿ ಬರುತ್ತಾ ಹೇಗೆ ಶುರು ಮಾಡುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಗಿಲಲ್ಲಿ ಅವಳು ನಿಂತಿದ್ದಳು. ಎಲ್ಲಿಗೆ ಹೋಗಿದ್ದೆನೆಂದು ಹೇಗೋ ಗೊತ್ತಾಗಿತ್ತು.

"ಅಣ್ಣ ಏನಂದ?"

"ಏನಿಲ್ಲ. ಚೇತರಿಸ್ಕೊಂಡಿದಾರೆ."

ಅವಳು ಇನ್ನೂ ಏನೋ ಬರಬೇಕು ಎನ್ನುವ ಹಾಗೆ ನನ್ನ ಮುಖ ನೋಡುತ್ತಾ ನಿಂತಳು. ನಾನು ಕಾಲು ತೊಳೆಯಲು ಬಚ್ಚಲಿಗೆ ಹೋದೆ. ಹೊರಗೆ ಬಂದಾಗ ಅವಳು ಎಲೆ ಹಾಕಿ ಬಡಿಸುತ್ತಿದ್ದಳು.

ಭಾವ ಅದೇ ವರ್ಷ ಹೋದರು. ಅವಳು ಅದಾದ ಮೇಲೂ ಬಹಳ ಕಾಲ ನನ್ನ ಜೊತೆ ಬಾಳಿದಳು. ದಿನವೂ ಎದುರಿಗಿದ್ದಳು, ದಿನವೂ ಬಡಿಸಿದಳು. ಹೇಳಲು ಒಂದು ಊಟದ ಹೊತ್ತು ಸಾಕಿತ್ತು. ಭಾವನ ಕಾಲು ಹಿಡಿದೆ. ಎಂಜಿನಿಯರ ಮನೆಗೂ ಒಮ್ಮೆ ಹೋಗಿ ಕೈಮುಗಿದು ಬಂದೆ. ಆ ಹುಡುಗಿಯ ಸೋದರಮಾವನಿಗೂ ವಯಸ್ಸಾದ ಮೇಲೆ ನಿಜ ಹೇಳಿದೆ, ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ತಪ್ಪಾಯಿತು ಎನ್ನದೆ ಕಳಿಸಿಬಿಟ್ಟದ್ದು ಒಬ್ಬಳನ್ನೇ, ನನ್ನ ಹೆಂಡತಿಯನ್ನು.